ಶುದ್ಧ ತಳಿಯ ಹುಡುಕಾಟ: ಕ್ಯಾನ್ಸರ್ ಸಂಶೋಧನೆಯ ಇಲಿಗಳ ಒಂದು ಶತಮಾನ

ಕ್ಯಾನ್ಸರಿನ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ಕೂಡಿಬಂದ ತಿಳಿವಳಿಕೆಯ ದೊಡ್ಡ ಪಾಲು ಮನುಷ್ಯನ ದೇಹಕ್ಕೆ ಅನ್ವಯವಾಗುವ ಮೊದಲು ಇಲಿಯ ದೇಹದಲ್ಲಿ ಪರೀಕ್ಷೆಗೆ ಒಳಗಾಗಿದೆ. ಮೂರು ವಾರಗಳಲ್ಲಿ ಮರಿ ಹಾಕುವ, ಎರಡು-ಮೂರು ವರ್ಷಗಳಲ್ಲಿ ಬಾಳು ಮುಗಿಸುವ, ಅಂಗೈಯಲ್ಲಿ ಹಿಡಿಸುವ ಈ ಪ್ರಾಣಿಯಲ್ಲಿ ಗಡ್ಡೆ ಹುಟ್ಟುವುದನ್ನೂ ಬೆಳೆಯುವುದನ್ನೂ ಔಷಧಿಗೆ ಕರಗುವುದನ್ನೂ ಒಬ್ಬ ಸಂಶೋಧಕ ತನ್ನ ವೃತ್ತಿಜೀವನದ ಒಂದು ಸಣ್ಣ ಅವಧಿಯಲ್ಲೇ ಹಲವು ಸಲ ನೋಡಬಹುದು. ಆದರೆ ಇಲಿಯಲ್ಲಿ ಕಂಡ ಫಲಿತಾಂಶಕ್ಕೆ ಬೆಲೆ ಬರುವುದು ಆ ಇಲಿ ಯಾವುದು ಎಂದು ಹೇಳಲು ಸಾಧ್ಯವಾದಾಗ ಮಾತ್ರ: ಅದರ ತಾಯಿತಂದೆ ಯಾರು, ಅದರ ಕರುಳಿನಲ್ಲಿ ಯಾವ ಸೂಕ್ಷ್ಮಾಣುಗಳಿವೆ, ಅದು ಯಾರ ಹಾಲು ಕುಡಿದು ಬೆಳೆಯಿತು, ಯಾವ ಹಾಸಿನ ಮೇಲೆ ಮಲಗಿತು, ಎಷ್ಟು ಬೆಚ್ಚಗಿನ ಕೋಣೆಯಲ್ಲಿತ್ತು. ಈ ಪ್ರಶ್ನೆಗಳಿಗೆ ಉತ್ತರವನ್ನು ಖಚಿತವಾಗಿ ಇಟ್ಟುಕೊಳ್ಳುವ ಕೆಲಸವನ್ನೇ ಇಂದು ಗುಣಮಟ್ಟ ನಿಯಂತ್ರಣ ಎನ್ನುತ್ತಾರೆ. ಸಂಶೋಧನಾ ಪ್ರಬಂಧಗಳಲ್ಲಿ ಅದಕ್ಕೆ ಸಿಗುವುದು ವಿಧಾನಗಳ ವಿಭಾಗದ ಒಂದೆರಡು ಸಾಲು ಮಾತ್ರ. ಆದರೂ ಅದರ ಚರಿತ್ರೆಯನ್ನು ಹಿಂದಿನಿಂದ ಹಿಡಿದು ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಇಲಿಗಳಲ್ಲಿ ಯಾವುದನ್ನು ದೋಷವೆಂದು ಗುರುತಿಸಿ ಹೊರಹಾಕಲು ಹೊರಟರೋ ಅದೇ ಎಷ್ಟೋ ಸಲ ಕ್ಯಾನ್ಸರಿನ ಒಂದು ಕಾರಣವಾಗಿ ಹೊರಬಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ ಜೆನ್ಸನ್ ಒಂದು ಇಲಿಯ ಗಡ್ಡೆಯ ತುಣುಕನ್ನು ಇನ್ನೊಂದು ಇಲಿಗೆ ಕಸಿ ಮಾಡಿ, ಅದರಿಂದ ಮತ್ತೊಂದಕ್ಕೆ ಸಾಗಿಸುತ್ತ, ಗಡ್ಡೆಯನ್ನು ತಲೆಮಾರುಗಟ್ಟಲೆ ಜೀವಂತವಾಗಿ ಇಟ್ಟುಕೊಳ್ಳಬಹುದೆಂದು ತೋರಿಸಿದ ಮೇಲೆ ಯುರೋಪಿನ ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಒಮ್ಮೆಲೇ ಬೇಡಿಕೆ ಹುಟ್ಟಿತು. ಜರ್ಮನಿಯಲ್ಲಿ ಪಾಲ್ ಏರ್ಲಿಕ್‌ರಂತಹ ವಿಜ್ಞಾನಿಗಳು ಈ ಹಾದಿಯಲ್ಲಿ ವ್ಯಾಪಕವಾಗಿ ಕೆಲಸ ಮಾಡಿದರು. ಕಸಿ ಮಾಡಿದ ಗಡ್ಡೆ ಕೆಲವು ಇಲಿಗಳಲ್ಲಿ ಬೆಳೆಯಿತು, ಕೆಲವುಗಳಲ್ಲಿ ಕರಗಿಹೋಯಿತು, ಒಮ್ಮೆ ಕರಗಿಸಿಕೊಂಡ ಇಲಿ ಎರಡನೆಯ ಕಸಿಯನ್ನೂ ತಳ್ಳಿಹಾಕಿತು. ಇದನ್ನು ಕ್ಯಾನ್ಸರಿನ ವಿರುದ್ಧ ಹುಟ್ಟಿದ ಪ್ರತಿರೋಧವೆಂದು ಅನೇಕರು ತಿಳಿದರು. ಲಸಿಕೆಯ ಆಸೆ ಚಿಗುರಿತು. ಆದರೆ ಆ ಇಲಿಗಳು ಎಲ್ಲಿಂದಲೋ ಕೊಂಡು ತಂದ ಬೆರಕೆ ಇಲಿಗಳು, ಒಂದಕ್ಕೊಂದು ರಕ್ತಸಂಬಂಧವಿಲ್ಲದವು. ಅವು ತಿರಸ್ಕರಿಸುತ್ತಿದ್ದದ್ದು ಗಡ್ಡೆಯ ಕ್ಯಾನ್ಸರ್ ಗುಣವನ್ನಲ್ಲ, ಅನ್ಯ ದೇಹದ ಅಂಗಾಂಶವನ್ನು. ಅದೇ ಇಲಿಗೆ ಆರೋಗ್ಯವಂತ ಚರ್ಮದ ತುಣುಕನ್ನು ಕಸಿ ಮಾಡಿದ್ದರೂ ಹೀಗೆಯೇ ಆಗುತ್ತಿತ್ತು. ಎರಡೂವರೆ ದಶಕಗಳ ಈ ಸಾಹಿತ್ಯವನ್ನೆಲ್ಲ ಜಾಲಾಡಿದ ವಿಲಿಯಂ ವೋಗ್ಲಮ್ 1929ರಲ್ಲಿ ಕ್ಯಾನ್ಸರಿನ ವಿರುದ್ಧ ಪ್ರತಿರೋಧ ಬೆಳೆಸುವ ಆಸೆಗೆ ಆಧಾರವಿಲ್ಲವೆಂಬ ನಿರಾಶೆಯ ತೀರ್ಮಾನಕ್ಕೆ ಬಂದನು. ಇಲಿ ಯಾವುದೆಂದು ಕೇಳದೆ ಗಡ್ಡೆಯನ್ನಷ್ಟೇ ನೋಡಿದ್ದಕ್ಕೆ ತೆತ್ತ ಬೆಲೆ ಅದು.

ಅತ್ತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್‌ಬಿ ಎಂಬ ಹಳ್ಳಿಯಲ್ಲಿ ಅಬ್ಬಿ ಲ್ಯಾತ್ರಪ್ ಎಂಬ ನಿವೃತ್ತ ಶಾಲಾ ಶಿಕ್ಷಕಿ ಕೋಳಿ ಸಾಕಣೆಯಲ್ಲಿ ಕೈಸುಟ್ಟುಕೊಂಡು, 1900ರ ಸುಮಾರಿಗೆ ಇಲಿ ಸಾಕಣೆಗೆ ಇಳಿದಿದ್ದಳು. ಬಣ್ಣಬಣ್ಣದ ಇಲಿಗಳನ್ನು ಮುದ್ದಿಗೆ ಸಾಕುವ ಹವ್ಯಾಸ ಆಗ ಅಲ್ಲಿ ಜೋರಾಗಿತ್ತು. ಒಂದು ಜೊತೆ ಇಲಿಗಳಿಂದ ಆರಂಭವಾದ ಆ ಸಾಕಣೆ ಒಂದು ಹಂತದಲ್ಲಿ 11,000 ಇಲಿಗಳವರೆಗೆ ಬೆಳೆಯಿತು. ಗೂಡು ಶುಚಿ ಮಾಡಲು ಊರಿನ ಮಕ್ಕಳಿಗೆ ಕೂಲಿ ಕೊಡುತ್ತ, ಓಟ್ಸ್ ಮತ್ತು ಬಿಸ್ಕತ್ತಿನ ಆಹಾರ ಹಾಕುತ್ತ, ಯಾವ ಇಲಿ ಯಾವುದರ ಮರಿ ಎಂಬುದನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತ ಅವಳು ನಡೆಸಿದ ವ್ಯವಹಾರಕ್ಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳೂ ಗಿರಾಕಿಗಳಾದರು. ಕೆಲವು ಇಲಿಗಳ ಚರ್ಮದ ಮೇಲೆ ಗಂಟುಗಳನ್ನು ಕಂಡ ಲ್ಯಾತ್ರಪ್ 1908ರಲ್ಲಿ ಅವುಗಳನ್ನು ಪರೀಕ್ಷೆಗೆ ಕಳಿಸಿದಾಗ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಲಿಯೋ ಲೋಬ್ ಅವು ಕ್ಯಾನ್ಸರ್ ಗಡ್ಡೆಗಳೆಂದು ತಿಳಿಸಿದನು. ಅಲ್ಲಿಂದ ಇಬ್ಬರೂ ಜೊತೆಯಾಗಿ ಸ್ತನಗ್ರಂಥಿಯ ಗಡ್ಡೆಗಳು ಕೆಲವು ಮನೆತನದ ಇಲಿಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ ಎಂಬುದನ್ನೂ, ಅಂಡಾಶಯ ತೆಗೆದ ಇಲಿಗಳಲ್ಲಿ ಅವು ಇಳಿಮುಖವಾಗುತ್ತವೆ ಎಂಬುದನ್ನೂ ಪ್ರಕಟಿಸಿದರು. ವಿಶ್ವವಿದ್ಯಾಲಯದ ಪದವಿಯಿಲ್ಲದ ಒಬ್ಬ ಸಾಕಣೆಗಾರ್ತಿಯ ಲೆಕ್ಕಪುಸ್ತಕ ಕ್ಯಾನ್ಸರ್ ಮತ್ತು ವಂಶದ ಸಂಬಂಧಕ್ಕೆ ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಒಂದನ್ನು ಒದಗಿಸಿತೆಂಬುದನ್ನು ವಿಜ್ಞಾನದ ಚರಿತ್ರೆ ತಡವಾಗಿಯೇ ಒಪ್ಪಿಕೊಂಡಿತು. 1918ರಲ್ಲಿ ಲ್ಯಾತ್ರಪ್ ತೀರಿಕೊಂಡಳು. ಈ ಇಡೀ ಕ್ಷೇತ್ರದಲ್ಲಿ ಗುಣಮಟ್ಟದ ಮೊದಲ ಉಪಕರಣ ಯಾವುದೆಂದರೆ ಅವಳ ಆ ಟಿಪ್ಪಣಿ ಪುಸ್ತಕಗಳನ್ನೇ ತೋರಿಸಬೇಕು.

ಹಾರ್ವರ್ಡಿನಲ್ಲಿ ವಿಲಿಯಂ ಕ್ಯಾಸಲ್‌ನ ಶಿಷ್ಯನಾಗಿದ್ದ ಕ್ಲಾರೆನ್ಸ್ ಕುಕ್ ಲಿಟಲ್ 1909ರಲ್ಲಿ ಒಡಹುಟ್ಟಿದ ಗಂಡು-ಹೆಣ್ಣು ಇಲಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಕೂಡಿಸತೊಡಗಿದನು. ಹೀಗೆ ಮಾಡಿದರೆ ಸಂತತಿ ಕುಗ್ಗಿ ನಾಶವಾಗುತ್ತದೆಂಬ ನಂಬಿಕೆ ಆಗ ಬಲವಾಗಿತ್ತು, ಅನೇಕ ಸಾಲುಗಳು ಹಾಗೆಯೇ ಅಳಿದೂ ಹೋದವು. ಆದರೆ ಉಳಿದುಕೊಂಡ ಸಾಲುಗಳಲ್ಲಿ ತಲೆಮಾರು ಕಳೆದಂತೆ ತಂದೆಯಿಂದ ಬಂದ ವಂಶವಾಹಿಯೂ ತಾಯಿಯಿಂದ ಬಂದ ವಂಶವಾಹಿಯೂ ಒಂದೇ ಆಗುತ್ತ ಬಂದು, ಇಂತಹ 20 ತಲೆಮಾರುಗಳ ಹೊತ್ತಿಗೆ ಆ ಗುಂಪಿನ ಇಲಿಗಳೆಲ್ಲ ತದ್ರೂಪಿ ಅವಳಿಗಳಷ್ಟೇ ಸಮಾನವಾದವು. ಇದನ್ನೇ ಶುದ್ಧ ತಳಿ ಎನ್ನುತ್ತಾರೆ. ಲಿಟಲ್‌ನ ಮೊದಲ ತಳಿ ಡಿಬಿಎ ಇಂದಿಗೂ ಬಳಕೆಯಲ್ಲಿದೆ. ಹಾರ್ವರ್ಡಿನವನೇ ಆದ ಅರ್ನೆಸ್ಟ್ ಟಿಜ್ಜರ್ ಎರಡು ಬಗೆಯ ಇಲಿಗಳ ಮೊದಲ ಮಿಶ್ರ ತಲೆಮಾರು ಕಸಿಗಡ್ಡೆಯನ್ನು ಸ್ವೀಕರಿಸಿದರೂ ಎರಡನೆಯ ತಲೆಮಾರಿನಲ್ಲಿ ಬಹುತೇಕ ಎಲ್ಲವೂ ತಿರಸ್ಕರಿಸುವುದನ್ನು ಕಂಡು ಗೊಂದಲಕ್ಕೆ ಬಿದ್ದಿದ್ದನು. ಅನೇಕ ವಂಶವಾಹಿಗಳು ಒಟ್ಟಿಗೆ ಹೊಂದಿದರೆ ಮಾತ್ರ ಕಸಿ ನಿಲ್ಲುತ್ತದೆಂದು 1914ರಲ್ಲಿ ಲಿಟಲ್ ಅದಕ್ಕೆ ಮೆಂಡಲನ ನಿಯಮದೊಳಗೇ ಉತ್ತರ ಕೊಟ್ಟನು. ಈ ಹಾದಿಯಲ್ಲಿ ಮುಂದೆ ಸಾಗಿದ ಪೀಟರ್ ಗೋರರ್ ಮತ್ತು ಜಾರ್ಜ್ ಸ್ನೆಲ್ ಅಂಗಾಂಶ ಹೊಂದಾಣಿಕೆಯ ವಂಶವಾಹಿಗಳನ್ನು ಗುರುತಿಸಿದರು, ಸ್ನೆಲ್‌ಗೆ 1980ರಲ್ಲಿ ನೊಬೆಲ್ ಬಂದಿತು. ಮನುಷ್ಯರ ಅಂಗ ಕಸಿಗೆ ಇಂದು ಮಾಡುವ ಹೊಂದಾಣಿಕೆ ಪರೀಕ್ಷೆಗೆ ಇಲಿಗಳ ಶುದ್ಧತೆಯ ಪ್ರಶ್ನೆಯಿಂದ ಹೊರಟ ಈ ಕೆಲಸವೂ ಒಂದು ಮೂಲ.

1921ರಲ್ಲಿ ಲಿಟಲ್ ಲ್ಯಾತ್ರಪ್ ಸಾಕಣೆಯಿಂದ ಬಂದ 57ನೆಯ ಸಂಖ್ಯೆಯ ಹೆಣ್ಣಿಲಿಯಿಂದ ಒಂದು ಕಪ್ಪು ತಳಿಯನ್ನು ಬೆಳೆಸಿದನು. ಸಿ57 ಬ್ಲ್ಯಾಕ್ ಎಂಬ ಹೆಸರಿನಲ್ಲಿ ಆ ಸಂಖ್ಯೆ ಇಂದಿಗೂ ಉಳಿದಿದೆ, ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಇಲಿ ಅದೇ, ಮತ್ತು 2002ರಲ್ಲಿ ಜೀನೋಮಿನ ಕರಡು ಪ್ರಕಟವಾದದ್ದೂ ಅದೇ ಸಾಲಿನ ಇಲಿಯದು. 1929ರಲ್ಲಿ ಡೆಟ್ರಾಯಿಟ್‌ನ ಕಾರು ಉದ್ಯಮಿಗಳ ಹಣದಿಂದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಲಿಟಲ್ ಜ್ಯಾಕ್ಸನ್ ಪ್ರಯೋಗಾಲಯವನ್ನು ಕಟ್ಟಿದನು. ಅದೇ ವರ್ಷ ಷೇರುಪೇಟೆ ಕುಸಿದು ದಾನಿಗಳ ಕೈ ಬರಿದಾದಾಗ, ಪ್ರಯೋಗಾಲಯ ಬದುಕಿಕೊಂಡದ್ದು ಇತರ ಸಂಸ್ಥೆಗಳಿಗೆ ಇಲಿ ಮಾರಿ. ಕಷ್ಟಕಾಲದ ಈ ವ್ಯಾಪಾರದ ಪರಿಣಾಮ ದೂರಗಾಮಿಯಾಗಿತ್ತು: ದೂರದೂರದ ಪ್ರಯೋಗಾಲಯಗಳು ಮೊದಲ ಬಾರಿಗೆ ಒಂದೇ ಮೂಲದ ಇಲಿಗಳನ್ನು ಬಳಸತೊಡಗಿ, ಒಬ್ಬರ ಫಲಿತಾಂಶವನ್ನು ಇನ್ನೊಬ್ಬರ ಫಲಿತಾಂಶದ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.

ಶುದ್ಧ ತಳಿಗಳು ಕೈಗೆ ಬಂದ ಕೂಡಲೇ ಮೊದಲ ಅಚ್ಚರಿ ಎದುರಾಯಿತು. ಲಿಯೊನೆಲ್ ಸ್ಟ್ರಾಂಗ್ ಬೆಳೆಸಿದ ಸಿ3ಎಚ್‌ನಂತಹ ತಳಿಗಳ ಹೆಣ್ಣಿಲಿಗಳಲ್ಲಿ ಹೆಚ್ಚಿನವುಗಳಿಗೆ ಸ್ತನದ ಗಡ್ಡೆ ಬರುತ್ತಿತ್ತು; ಇತರ ಕೆಲವು ತಳಿಗಳಲ್ಲಿ ಅದು ಅಪರೂಪ. ಇದು ವಂಶವಾಹಿಗಳ ಕೆಲಸವಾಗಿದ್ದರೆ ಎರಡು ತಳಿಗಳನ್ನು ಕೂಡಿಸುವಾಗ ತಾಯಿ ಯಾವ ತಳಿಯದು, ತಂದೆ ಯಾವ ತಳಿಯದು ಎಂಬುದರಿಂದ ಹೆಣ್ಣುಮರಿಗಳಲ್ಲಿ ವ್ಯತ್ಯಾಸ ಆಗಬಾರದು. ಆದರೆ 1933ರಲ್ಲಿ ಜ್ಯಾಕ್ಸನ್ ಪ್ರಯೋಗಾಲಯದ ಸಿಬ್ಬಂದಿ ಒಟ್ಟಾಗಿ ಪ್ರಕಟಿಸಿದ ವರದಿ ತಾಯಿ ಗಡ್ಡೆಯ ತಳಿಯವಳಾದರೆ ಮಕ್ಕಳಿಗೂ ಗಡ್ಡೆ, ತಂದೆ ಮಾತ್ರ ಆ ತಳಿಯವನಾದರೆ ಬಹಳ ಕಡಿಮೆ ಎಂದು ಹೇಳಿತು. ವರ್ಣತಂತುಗಳ ಹೊರಗಿನ ಯಾವುದೋ ಒಂದು ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. 1936ರಲ್ಲಿ ಅದೇ ಸಂಸ್ಥೆಯ ಜಾನ್ ಬಿಟ್ನರ್ ಗಡ್ಡೆಯ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರ್ಪಡಿಸಿ, ಗಡ್ಡೆ ಬಾರದ ತಳಿಯ ಬಾಣಂತಿ ಇಲಿಯ ಮೊಲೆಗೆ ಹಚ್ಚಿದನು. ಸಾಕುತಾಯಿಯ ಹಾಲು ಕುಡಿದು ಬೆಳೆದ ಆ ಮರಿಗಳಲ್ಲಿ ಗಡ್ಡೆಗಳು ಗಣನೀಯವಾಗಿ ಇಳಿದವು. ರೋಗ ಹಾಲಿನಲ್ಲಿತ್ತು. ಬಹುಕಾಲ ಹಾಲಿನ ಅಂಶ ಎಂದೇ ಕರೆಸಿಕೊಂಡ ಅದು ಕೊನೆಗೆ ಇಲಿಯ ಸ್ತನಗಡ್ಡೆಯ ವೈರಸ್ ಎಂದು ಸಾಬೀತಾಯಿತು. ಅಲ್ಲಿಯವರೆಗೆ ತಳಿಯ ಗುಣವೆಂದು ಬರೆದಿಟ್ಟುಕೊಂಡಿದ್ದ ಅಂಕಿಗಳಲ್ಲಿ ಎಷ್ಟು ವಂಶದ್ದು, ಎಷ್ಟು ಸೋಂಕಿನದು ಎಂದು ಮತ್ತೆ ವಿಂಗಡಿಸಬೇಕಾಯಿತು. ಸಾಕುತಾಯಿಯ ಉಪಾಯವೇ ಮುಂದೆ ಇಲಿಗಳನ್ನು ಸೋಂಕಿನಿಂದ ಬಿಡಿಸುವ ಸಾಮಾನ್ಯ ವಿಧಾನವಾಯಿತು.

ಭಾರತದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮುಂಬಯಿಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು. 1952ರಲ್ಲಿ ವಿ. ಆರ್. ಖಾನೋಲ್ಕರ್ ಅವರ ನೇತೃತ್ವದಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಕಮಲ್ ರಣದಿವೆ ಅವರು ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ವಂಶ, ಹಾರ್ಮೋನು ಮತ್ತು ವೈರಸ್ಸುಗಳ ಪಾಲನ್ನು ಬಿಡಿಸಿ ನೋಡುವ ಕೆಲಸ ಮಾಡಿದರು, ಸಂಸ್ಥೆಯ ಹೆಸರನ್ನೇ ಹೊತ್ತ ಐಸಿಆರ್‌ಸಿ ಎಂಬ ಇಲಿ ತಳಿಯೂ ಅಲ್ಲಿ ರೂಪುಗೊಂಡಿತು. ವಿದೇಶದ ತಳಿಗಳನ್ನಷ್ಟೇ ನೆಚ್ಚಿಕೊಳ್ಳದೆ ಸ್ವಂತ ತಳಿಯನ್ನು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬರುವುದು ಹೊಸದಾಗಿ ಕಣ್ತೆರೆದಿದ್ದ ಒಂದು ಪ್ರಯೋಗಾಲಯಕ್ಕೆ ಸಣ್ಣ ಹೊಣೆಯಾಗಿರಲಿಲ್ಲ.

1947ರ ಅಕ್ಟೋಬರಿನಲ್ಲಿ ಬಾರ್ ಹಾರ್ಬರಿಗೆ ಹಬ್ಬಿದ ಕಾಡ್ಗಿಚ್ಚಿನಲ್ಲಿ ಜ್ಯಾಕ್ಸನ್ ಪ್ರಯೋಗಾಲಯ ಸುಟ್ಟುಹೋಗಿ ಸುಮಾರು 90,000 ಇಲಿಗಳು ಸತ್ತವು. ಹಿಂದೆ ಅಲ್ಲಿಂದ ಇಲಿ ತರಿಸಿಕೊಂಡಿದ್ದ ಸಂಸ್ಥೆಗಳು ಆಯಾ ತಳಿಗಳ ಜೋಡಿಗಳನ್ನು ಮರಳಿ ಕಳಿಸಿಕೊಟ್ಟದ್ದರಿಂದ ಸಾಲುಗಳು ಉಳಿದವು. ಒಂದು ತಳಿಯನ್ನು ಒಂದೇ ಕಟ್ಟಡದಲ್ಲಿ ಇಡಬಾರದೆಂಬ ನಿಯಮಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಶುದ್ಧತೆಯನ್ನು ಪ್ರಯೋಗದ ಒಳಗೇ ಪರೀಕ್ಷಿಸಿದ ಅತ್ಯಂತ ಸೊಗಸಾದ ಉದಾಹರಣೆ 1957ರದು. ರಿಚ್ಮಂಡ್ ಪ್ರೆನ್ ಮತ್ತು ಜೋನ್ ಮೇನ್ ಶುದ್ಧ ತಳಿಯ ಇಲಿಗಳಲ್ಲಿ ರಾಸಾಯನಿಕದಿಂದ ಗಡ್ಡೆ ಬರಿಸಿ, ಅದೇ ತಳಿಯ ಇತರ ಇಲಿಗಳಿಗೆ ಅದನ್ನು ಕಸಿ ಮಾಡಿದರು. ಬೆಳೆದ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ಅದೇ ಗಡ್ಡೆಯನ್ನು ಮತ್ತೆ ಕಸಿ ಮಾಡಿದಾಗ ಇಲಿಗಳು ಅದನ್ನು ತಿರಸ್ಕರಿಸಿದವು. ಮೂರು ದಶಕಗಳ ಹಿಂದೆ ವೋಗ್ಲಮ್ ತಳ್ಳಿಹಾಕಿದ್ದ ವಾದವೇ ಮತ್ತೆ ತಲೆಯೆತ್ತಿದಂತಾಗಿ, ತಳಿಯಲ್ಲಿ ಉಳಿದಿದ್ದ ಸಣ್ಣ ಭೇದದಿಂದ ಹೀಗಾಗಿರಬಹುದೆಂಬ ಆಕ್ಷೇಪ ಬರುವುದು ಖಚಿತವಾಗಿತ್ತು. ಅದಕ್ಕೆ ಅವರು ಮೊದಲೇ ಉತ್ತರ ಸಿದ್ಧಪಡಿಸಿಕೊಂಡಿದ್ದರು: ಗಡ್ಡೆ ಬಂದ ಇಲಿಯ ಚರ್ಮದ ತುಣುಕನ್ನು ಅವೇ ಇಲಿಗಳಿಗೆ ಕಸಿ ಮಾಡಿದರು, ಚರ್ಮ ಹತ್ತಿಕೊಂಡು ಬೆಳೆಯಿತು. ಅದೇ ದೇಹದ ಚರ್ಮವನ್ನು ತನ್ನದೆಂದು ಒಪ್ಪಿದ ಇಲಿ ಅದೇ ದೇಹದ ಗಡ್ಡೆಯನ್ನು ಅನ್ಯವೆಂದು ಗುರುತಿಸಿತ್ತು. ಕ್ಯಾನ್ಸರ್ ಕೋಶಗಳಲ್ಲಿ ರೋಗನಿರೋಧಕ ವ್ಯವಸ್ಥೆ ಗುರುತಿಸಬಲ್ಲ ಗುರುತುಗಳಿವೆ ಎಂಬ ಮಾತಿಗೆ, ಅಂದರೆ ಇಂದಿನ ಪ್ರತಿರೋಧ ಚಿಕಿತ್ಸೆಯ ತಳಹದಿಗೆ, ಆಧಾರವಾದದ್ದು ಅಂಗೈಯಗಲವೂ ಇಲ್ಲದ ಆ ಚರ್ಮದ ತುಣುಕುಗಳು.

ವಂಶದ ಶುದ್ಧತೆ ಕೈಗೆ ಬಂದರೂ ಸೋಂಕಿನ ಪ್ರಶ್ನೆ ಬಗೆಹರಿದಿರಲಿಲ್ಲ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿದ್ದ ವರ್ನನ್ ರೈಲಿ ಗಡ್ಡೆ ಇರುವ ಇಲಿಗಳ ರಕ್ತದಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹಲವು ಪಟ್ಟು ಏರುವುದನ್ನು ನೋಡಿದನು. ಇದನ್ನು ಗಡ್ಡೆಯ ಲಕ್ಷಣವೆಂದು ಭಾವಿಸುವುದು ಸಹಜವಾಗಿತ್ತು. ಆದರೆ ಅಂತಹ ಇಲಿಯ ರಕ್ತದ್ರವವನ್ನು, ಒಂದೂ ಕ್ಯಾನ್ಸರ್ ಕೋಶವಿಲ್ಲದಂತೆ ಸೋಸಿ, ಆರೋಗ್ಯವಂತ ಇಲಿಗೆ ಚುಚ್ಚಿದರೂ ಕಿಣ್ವ ಏರಿತು. 1960ರಲ್ಲಿ ರೈಲಿ ಮತ್ತು ಸಂಗಡಿಗರು 26 ಬಗೆಯ ಇಲಿ ಗಡ್ಡೆಗಳಲ್ಲಿ ಈ ಸೋಂಕು ಇರುವುದನ್ನು ಪ್ರಕಟಿಸಿದರು. ಹೊರಗೆ ಯಾವ ರೋಗಲಕ್ಷಣವನ್ನೂ ತೋರದ ಒಂದು ವೈರಸ್, ಪ್ರಯೋಗಾಲಯಗಳು ಒಬ್ಬರಿಗೊಬ್ಬರು ಗಡ್ಡೆಗಳನ್ನು ಕಳಿಸಿಕೊಡುತ್ತಿದ್ದ ದಾರಿಯಲ್ಲೇ, ಇಲಿಯಿಂದ ಇಲಿಗೆ ಹರಡಿಕೊಂಡಿತ್ತು. ಅದು ರೋಗನಿರೋಧಕ ಶಕ್ತಿಯ ಮೇಲೂ ಪ್ರಭಾವ ಬೀರುತ್ತದೆಂದು ತಿಳಿದ ಮೇಲೆ, ಇಲಿಗೆ ಚುಚ್ಚುವ ಪ್ರತಿಯೊಂದು ಗಡ್ಡೆಯನ್ನೂ ಕೋಶಸಮೂಹವನ್ನೂ ಮೊದಲು ವೈರಸ್ ಪರೀಕ್ಷೆಗೆ ಒಳಪಡಿಸುವ ಪದ್ಧತಿ ನಿಧಾನವಾಗಿ ನೆಲೆಗೊಂಡಿತು.

ಅದೇ ರೈಲಿ 1975ರಲ್ಲಿ ಇನ್ನೂ ಕಷ್ಟದ ಪ್ರಶ್ನೆಯೊಂದನ್ನು ಎತ್ತಿದನು. ಹಾಲಿನ ವೈರಸ್ ಹೊತ್ತ ಸಿ3ಎಚ್ ಹೆಣ್ಣಿಲಿಗಳನ್ನು ಸದ್ದುಗದ್ದಲ, ದುರ್ವಾಸನೆ, ಓಡಾಟ ಇರುವ ಸಾಮಾನ್ಯ ಕೋಣೆಗಳಲ್ಲಿ ಇಟ್ಟಾಗ 400 ದಿನಗಳ ಹೊತ್ತಿಗೆ 92 ಪ್ರತಿಶತ ಇಲಿಗಳಿಗೆ ಗಡ್ಡೆ ಬಂದಿದ್ದರೆ, ಶಾಂತವಾದ ರಕ್ಷಿತ ಕೋಣೆಯಲ್ಲಿ ಇಟ್ಟವುಗಳಲ್ಲಿ ಅದು 7 ಪ್ರತಿಶತ ಮಾತ್ರ. ತಳಿಯೂ ಅದೇ, ವೈರಸ್ಸೂ ಅದೇ; ಬದಲಾದದ್ದು ಕೋಣೆ. ಇದಕ್ಕೆ ಎರಡು ವರ್ಷ ಮೊದಲೇ ಆಸ್ಟ್ರೇಲಿಯಾದ ಜಾನ್ ಸಬೈನ್ ಮತ್ತು ಸಂಗಡಿಗರು ಸಿ3ಎಚ್‌ನ ಒಂದು ಉಪತಳಿ ಅಮೆರಿಕದಲ್ಲಿ ವಿಪರೀತ ಗಡ್ಡೆಗಳನ್ನು ತೋರಿಸಿದರೂ ತಮ್ಮಲ್ಲಿಗೆ ಬಂದ ಮೇಲೆ ಬಹಳ ಕಡಿಮೆ ತೋರಿಸಿತೆಂದು ವರದಿ ಮಾಡಿದ್ದರು. ಅಮೆರಿಕದ ಆಹಾರ, ಮತ್ತು ಅಲ್ಲಿ ಗೂಡುಗಳಿಗೆ ಹಾಸುತ್ತಿದ್ದ ಕೆಂಪು ಸೀಡರ್ ಮರದ ಸುವಾಸನೆಯ ತೆಳು ಸಿಪ್ಪೆ, ಇವೇ ಕಾರಣವಿರಬಹುದೆಂಬುದು ಅವರ ವಾದ. ಅದು ಆಧಾರವಿಲ್ಲದ ಊಹೆಯಾಗಿರಲಿಲ್ಲ: ಇಂತಹ ಮರದ ಹಾಸು ಇಲಿಯ ಯಕೃತ್ತಿನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆಂದು ಎಲಿಯಟ್ ವೆಸೆಲ್ 1967ರಲ್ಲೇ ತೋರಿಸಿದ್ದನು. ಆ ತಳಿಯನ್ನು ಬಹುಕಾಲದಿಂದ ಬಲ್ಲ ಅಮೆರಿಕದ ವಾಲ್ಟರ್ ಹೆಸ್ಟನ್ ಸ್ವತಃ ಪರೀಕ್ಷೆ ಮಾಡಿ ಸೀಡರ್ ಕಾರಣವಲ್ಲವೆಂದು ಪ್ರತಿವಾದಿಸಿದನು. ವಾದದ ಗೆಲುವು ಯಾರದಾದರೂ ಆಗಲಿ, ಹಾಸು, ಆಹಾರ, ಇಲಿಯ ಮೈತೂಕ ಇವುಗಳನ್ನು ಬರೆದಿಡದ ಹಿಂದಿನ ಎಷ್ಟೋ ಪ್ರಯೋಗಗಳಿಗೆ ಈ ವಿವಾದದ ಬೆಳಕಿನಲ್ಲಿ ಮರುಪರಿಶೀಲನೆಯ ದಾರಿಯೇ ಉಳಿಯಲಿಲ್ಲ. ದಾಖಲೆಯ ಕೊರತೆಯಿಂದಾಗುವ ನಷ್ಟ ಇಷ್ಟು ಸ್ಪಷ್ಟವಾಗಿ ಕಂಡ ಸಂದರ್ಭಗಳು ಕಡಿಮೆ.

ಈ ನಡುವೆ ಇಲಿ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆದಿತ್ತು. 1955ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸಾವಿರಾರು ರಾಸಾಯನಿಕಗಳನ್ನು ಇಲಿಗಳ ರಕ್ತಕ್ಯಾನ್ಸರಿನ ಮೇಲೆ ಪರೀಕ್ಷಿಸುವ ಕಾರ್ಯಕ್ರಮ ಆರಂಭಿಸಿದಾಗ ಬೇಡಿಕೆ ಲಕ್ಷಗಳ ಲೆಕ್ಕಕ್ಕೆ ಏರಿತು. ತಾಯಿಯ ಹೊಟ್ಟೆ ಕೊಯ್ದು ಮರಿಗಳನ್ನು ಹೊರತೆಗೆದು, ಸೋಂಕಿಲ್ಲದ ಸಾಕುತಾಯಿಗೆ ಒಪ್ಪಿಸಿ, ಸೋಸಿದ ಗಾಳಿಯ ಪ್ಲಾಸ್ಟಿಕ್ ಗೂಡುಗಳಲ್ಲಿ ಬೆಳೆಸುವ ಕ್ರಮ ಬಂದಿತು. ನಿರ್ದಿಷ್ಟ ರೋಗಾಣುಗಳು ಇಲ್ಲವೆಂದು ಪರೀಕ್ಷಿಸಿ ಪ್ರಮಾಣೀಕರಿಸಿದ ಇಂತಹ ಇಲಿಗಳು ಸಂಶೋಧನೆಯ ಮಟ್ಟವನ್ನು ಏರಿಸಿದವು. ಆದರೆ ಪರೀಕ್ಷೆ ನಡೆಯುವುದು ಗೊತ್ತಿರುವ ರೋಗಾಣುಗಳಿಗೆ ಮಾತ್ರ ಎಂಬ ಮಿತಿ ಅದರಲ್ಲೇ ಇತ್ತು.

ಆ ಮಿತಿ ಬಯಲಾದದ್ದು 1992ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್‌ನಲ್ಲಿದ್ದ ಅದೇ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕೇಂದ್ರದಲ್ಲಿ. ಕ್ಯಾನ್ಸರ್‌ಕಾರಕ ರಾಸಾಯನಿಕವೊಂದರ ದೀರ್ಘಾವಧಿ ಪರೀಕ್ಷೆಯಲ್ಲಿ ಯಾವ ರಾಸಾಯನಿಕವನ್ನೂ ಕೊಡದೆ ಹೋಲಿಕೆಗಾಗಿ ಇಟ್ಟಿದ್ದ ಇಲಿಗಳಲ್ಲೇ ಯಕೃತ್ತಿನ ಉರಿಯೂತವೂ ಗಡ್ಡೆಗಳೂ ಕಾಣಿಸಿದವು. ಹೋಲಿಕೆಯ ಗುಂಪು ಕೆಟ್ಟರೆ ಇಡೀ ಪ್ರಯೋಗವೇ ಕೆಟ್ಟಂತೆ. ವರ್ಷಗಟ್ಟಲೆಯ ಅಂಕಿ-ಅಂಶವನ್ನು ಬದಿಗಿಟ್ಟು ಹೊಸ ಇಲಿಗಳನ್ನು ತರಿಸಿಕೊಳ್ಳುವುದು ಸುಲಭದ ದಾರಿಯಾಗಿತ್ತು. ರೋಗಶಾಸ್ತ್ರಜ್ಞ ಜೆರಾಲ್ಡ್ ವಾರ್ಡ್ ಆ ದಾರಿ ಹಿಡಿಯಲಿಲ್ಲ. ಯಕೃತ್ತಿನ ತೆಳು ಸೀಳುಗಳಿಗೆ ಬೆಳ್ಳಿಯ ಲವಣದ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಸಾಮಾನ್ಯ ಬಣ್ಣಕ್ಕೆ ಸಿಗದ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳು ಯಕೃತ್ತಿನ ಕೋಶಗಳ ನಡುವೆ ಕಪ್ಪಾಗಿ ಎದ್ದು ಕಂಡವು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇಮ್ಸ್ ಫಾಕ್ಸ್ ಜೊತೆಗೂಡಿ 1994ರಲ್ಲಿ ಅದನ್ನು ಹೆಲಿಕೋಬ್ಯಾಕ್ಟರ್ ಹೆಪಾಟಿಕಸ್ ಎಂಬ ಹೊಸ ಪ್ರಭೇದವೆಂದು ಹೆಸರಿಸಲಾಯಿತು. ಮನುಷ್ಯನ ಜಠರದಲ್ಲಿ ನೆಲೆಸುವ ಅದರ ದಾಯಾದಿ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿದ್ದೂ ಅದೇ 1994ರಲ್ಲಿ. ದೀರ್ಘಕಾಲದ ಬ್ಯಾಕ್ಟೀರಿಯಾ ಸೋಂಕಿನಿಂದ ಗಡ್ಡೆ ಹುಟ್ಟುವ ಬಗೆಯನ್ನು ಹಂತಹಂತವಾಗಿ ನೋಡಲು ಕೆಟ್ಟುಹೋದ ಒಂದು ಪ್ರಯೋಗವೇ ಮಾದರಿಯಾಯಿತು. ಅದರ ಇನ್ನೊಂದು ಮುಖ ಅಷ್ಟು ಸಂತೋಷದ್ದಲ್ಲ: ರಾಸಾಯನಿಕಗಳ ಸುರಕ್ಷತೆಯ ಬಗ್ಗೆ ಅಮೆರಿಕ ಸರ್ಕಾರ ನಡೆಸಿದ್ದ ಎರಡೆರಡು ವರ್ಷಗಳ 12 ಅಧ್ಯಯನಗಳ ಇಲಿಗಳಲ್ಲಿ ಈ ಸೋಂಕನ್ನು ಹುಡುಕಿ, ಯಕೃತ್ತಿನ ಗಡ್ಡೆಗಳ ಲೆಕ್ಕವನ್ನು ಮರುಪರಿಶೀಲಿಸಬೇಕಾಯಿತು.

ವಂಶದ ಶುದ್ಧತೆಯ ಬಗ್ಗೆ ಇದ್ದ ನಿಶ್ಚಿಂತೆಯೂ ಈ ಹೊತ್ತಿಗೆ ಕದಡಿತ್ತು. ಮಾರಾಟಗಾರರೊಬ್ಬರು ಬಾಲ್ಬ್/ಸಿ ಎಂಬ ಹೆಸರಿನಲ್ಲಿ ಕಳಿಸಿದ ಬಿಳಿ ಇಲಿಗಳು ಆ ತಳಿಯ ಅಂಗಾಂಶ ಗುರುತುಗಳಿಗೂ ಕಿಣ್ವಗಳಿಗೂ ಹೊಂದುತ್ತಿಲ್ಲವೆಂದು ಬ್ರೆಂಡಾ ಕಹಾನ್ ಮತ್ತು ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದರು. ಬಿಳಿ ಇಲಿಗಳ ನಡುವೆ ಇನ್ನೊಂದು ಬಿಳಿ ತಳಿಯ ಇಲಿ ನುಸುಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಗೂಡಿನ ಚೀಟಿಯನ್ನು ನಂಬಿ ನಡೆಸಿದ ಪ್ರಯೋಗಗಳೆಲ್ಲ ಸಂಶಯಕ್ಕೆ ಒಳಗಾದವು. ಮುಂದೆ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳನ್ನು ಸೃಷ್ಟಿಸುವ ತಂತ್ರ ಬಂದಾಗ (ಅದಕ್ಕಾಗಿ ಮಾರಿಯೋ ಕಾಪೆಕ್ಕಿ, ಆಲಿವರ್ ಸ್ಮಿದೀಸ್ ಮತ್ತು ಮಾರ್ಟಿನ್ ಇವಾನ್ಸ್ 2007ರ ನೊಬೆಲ್ ಪಡೆದರು) ಅದಕ್ಕೆ ಬಳಸಿದ ಆಕರ ಕೋಶಗಳು ಬಹುತೇಕ 129 ಎಂಬ ತಳಿಯವಾಗಿದ್ದವು. ಆ ತಳಿಯ ಒಂದು ಉಪಶಾಖೆಗೆ 1978ರಲ್ಲಿ ಅನ್ಯ ತಳಿಯ ಮಿಶ್ರಣವಾಗಿತ್ತೆಂಬುದು 1997ರಲ್ಲಿ ಎಲಿಜಬೆತ್ ಸಿಂಪ್ಸನ್ ಮತ್ತು ಸಂಗಡಿಗರ ಪರೀಕ್ಷೆಯಿಂದ ಬೆಳಕಿಗೆ ಬಂದಿತು. ಒಂದು ವಂಶವಾಹಿ ತೆಗೆದದ್ದರಿಂದ ಗಡ್ಡೆ ಹೆಚ್ಚಿತೋ ಅಥವಾ ಹಿನ್ನೆಲೆಯಲ್ಲಿ ಬೆರೆತ ನೂರಾರು ವಂಶವಾಹಿಗಳಿಂದಲೋ ಎಂದು ಬಿಡಿಸಲಾಗದ ಸ್ಥಿತಿ ಅದು.

ಮಿಶ್ರಣವನ್ನು ತಡೆದರೂ ತಡೆಯಲಾಗದ ಇನ್ನೊಂದಿದೆ. ಪ್ರತಿ ತಲೆಮಾರಿನಲ್ಲೂ ಜೀನೋಮಿನಲ್ಲಿ ತಾನಾಗಿಯೇ ಸಣ್ಣ ಉತ್ಪರಿವರ್ತನೆಗಳು ಆಗುತ್ತವೆ, ಒಡಹುಟ್ಟಿದವುಗಳ ಕೂಡಿಕೆಯಲ್ಲಿ ಅವು ಬೇಗ ನೆಲೆನಿಲ್ಲುತ್ತವೆ. 1951ರಲ್ಲಿ ಜ್ಯಾಕ್ಸನ್ ಪ್ರಯೋಗಾಲಯದಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಹೋದ ಕಪ್ಪು ಇಲಿಗಳ ಸಂತತಿ ಮೂಲ ಸಂತತಿಯಿಂದ ಬೇರೆಯಾಗುತ್ತ ಹೋಗಿ, ಒಂದರಲ್ಲಿ ಮೈಟೊಕಾಂಡ್ರಿಯದ ಕಿಣ್ವವೊಂದರ ವಂಶವಾಹಿ ಮುರಿದಿದ್ದರೆ, ಇನ್ನೊಂದರಲ್ಲಿ ಕಣ್ಣಿನ ಅಕ್ಷಿಪಟಲವನ್ನು ಹಾಳುಮಾಡುವ ಉತ್ಪರಿವರ್ತನೆ ನೆಲೆಸಿದೆ. ಎರಡನ್ನೂ ಸಿ57 ಬ್ಲ್ಯಾಕ್/6 ಎಂದಷ್ಟೇ ಬರೆದು ಪ್ರಬಂಧ ಪ್ರಕಟಿಸುವುದು ಬಹುಕಾಲ ನಡೆದುಬಂದಿತು; ಉಪತಳಿಯನ್ನು ಸೂಚಿಸುವ, ಹೆಸರಿನ ಕೊನೆಯ ಒಂದಕ್ಷರವನ್ನು ಬಿಡುವುದು ಇಲ್ಲಿ ಸಣ್ಣ ತಪ್ಪಲ್ಲ. ಜ್ಯಾಕ್ಸನ್ ಪ್ರಯೋಗಾಲಯ 2003ರಿಂದ ಕಂಡುಕೊಂಡ ಪರಿಹಾರ ಸರಳವೂ ದಿಟ್ಟವೂ ಆದದ್ದು: ಆಡಂ ಮತ್ತು ಈವ್ ಎಂದು ಹೆಸರಿಟ್ಟ ಒಂದೇ ಜೋಡಿಯ ಸಂತತಿಯಿಂದ ನೂರಾರು ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, ಪ್ರತಿ 5 ತಲೆಮಾರಿಗೊಮ್ಮೆ ಅವುಗಳಿಂದ ಹೊಸ ಇಲಿಗಳನ್ನು ಹುಟ್ಟಿಸಿ ಮೂಲ ಸಾಲನ್ನು ಬದಲಿಸುತ್ತಾರೆ. ಕಾಲವನ್ನು ನಿಲ್ಲಿಸಲಾಗದಿದ್ದರೂ ತಳಿಯ ಮಟ್ಟಿಗೆ ಅದರ ವೇಗವನ್ನು ಕುಗ್ಗಿಸಲು ಇದರಿಂದ ಸಾಧ್ಯವಾಯಿತು.

ಗುಣಮಟ್ಟದ ಪ್ರಶ್ನೆ ಇಲಿಗೆ ಕಸಿ ಮಾಡುವ ಗಡ್ಡೆಯದೂ ಹೌದು. ಥೈಮಸ್ ಗ್ರಂಥಿಯಿಲ್ಲದೆ ರೋಗನಿರೋಧಕ ಶಕ್ತಿ ಕುಂದಿದ, ಮೈಮೇಲೆ ಕೂದಲಿಲ್ಲದ ನ್ಯೂಡ್ ಇಲಿಯಲ್ಲಿ 1969ರಲ್ಲಿ ಕೋಪನ್‌ಹೇಗನ್ನಿನ ಯೋರ್ಗನ್ ರೈಗಾರ್ಡ್ ಮತ್ತು ಕಾರ್ಲ್ ಪೌಲ್ಸನ್ ಮನುಷ್ಯನ ದೊಡ್ಡಕರುಳಿನ ಕ್ಯಾನ್ಸರನ್ನು ಬೆಳೆಸಿದ ಮೇಲೆ, ರೋಗಿಯ ಗಡ್ಡೆಯನ್ನೇ ಇಲಿಯಲ್ಲಿಟ್ಟು ಔಷಧಿ ಪರೀಕ್ಷಿಸುವ ದಾರಿ ತೆರೆಯಿತು. ರೋಗನಿರೋಧಕ ಶಕ್ತಿ ಇನ್ನೂ ಕಡಿಮೆಯಿರುವ ಇಲಿಗಳು ಬಂದಂತೆ ಹೊಸದೊಂದು ಮೋಸವೂ ಸೇರಿಕೊಂಡಿತು: ರೋಗಿಯ ಗಡ್ಡೆಯ ಜೊತೆ ಬಂದ ಬಿಳಿರಕ್ತಕಣಗಳಲ್ಲಿ ಅಡಗಿದ್ದ ಎಪ್‌ಸ್ಟೀನ್-ಬಾರ್ ವೈರಸ್, ತಡೆಯುವವರಿಲ್ಲದ ಇಲಿಯ ದೇಹದಲ್ಲಿ ಆ ಕಣಗಳನ್ನೇ ಗಡ್ಡೆಯಾಗಿ ಬೆಳೆಸುವುದರಿಂದ, ಹೊಟ್ಟೆಯ ಅಥವಾ ಶ್ವಾಸಕೋಶದ ಕ್ಯಾನ್ಸರ್ ಎಂದು ಗುರುತು ಹಚ್ಚಿದ ಗಡ್ಡೆ ಕೆಲವೊಮ್ಮೆ ನಿಜವಾಗಿ ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಕ್ಯಾನ್ಸರ್, ಆಗಿರುತ್ತದೆ. ಇಲಿಯ ಗಡ್ಡೆಗಳನ್ನು ಓದಬಲ್ಲ ರೋಗಶಾಸ್ತ್ರಜ್ಞರು ಪ್ರತಿ ಹಂತದಲ್ಲೂ ಇರಬೇಕೆಂಬ ಒತ್ತಾಯ ಇಲ್ಲಿಂದ ಇನ್ನಷ್ಟು ಬಲಗೊಂಡಿತು.

2012ರಲ್ಲಿ ಗ್ಲೆನ್ ಬೆಗ್ಲಿ ಮತ್ತು ಲೀ ಎಲಿಸ್ ಕ್ಯಾನ್ಸರ್ ಸಂಶೋಧನೆಯ 53 ಹೆಸರಾಂತ ಪ್ರಬಂಧಗಳಲ್ಲಿ 6ರ ಫಲಿತಾಂಶವನ್ನು ಮಾತ್ರ ಮರಳಿ ಪಡೆಯಲು ಸಾಧ್ಯವಾಯಿತೆಂದು ಬರೆದಾಗ ದೊಡ್ಡ ಚರ್ಚೆ ಎದ್ದಿತು. ಆ ಸೋಲುಗಳಿಗೆಲ್ಲ ಇಲಿಯೇ ಕಾರಣವೆನ್ನಲಾಗದು, ಪ್ರಯೋಗ ವಿನ್ಯಾಸದ ದೋಷಗಳ ಪಾಲು ದೊಡ್ಡದು. ಆದರೆ ಇಲಿಯ ಕೋಣೆಯ ಕಡೆಗೂ ಮತ್ತೆ ಗಮನ ಹರಿಯಿತು. ಮರುವರ್ಷವೇ ಬಫಲೋ ನಗರದ ಎಲಿಜಬೆತ್ ರಿಪಾಸ್ಕಿ ಅವರ ತಂಡ ಪ್ರಯೋಗಾಲಯಗಳಲ್ಲಿ ರೂಢಿಯಾಗಿರುವ 22 ಡಿಗ್ರಿ ಸೆಲ್ಸಿಯಸ್ ಇಲಿಗಳಿಗೆ ಚಳಿಯೆಂದೂ, 30 ಡಿಗ್ರಿಯಲ್ಲಿಟ್ಟ ಇಲಿಗಳಲ್ಲಿ ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆಂದೂ, ಅದಕ್ಕೆ ಕಾರಣ ಅವುಗಳ ರೋಗನಿರೋಧಕ ಕೋಶಗಳ ಚಟುವಟಿಕೆಯೆಂದೂ ತೋರಿಸಿತು. ಉಷ್ಣಾಂಶವನ್ನು ನಿಗದಿ ಮಾಡುವಾಗ ಕೋಣೆಯಲ್ಲಿ ಓಡಾಡುವ ಮನುಷ್ಯರ ಹಿತವೇ ಮುಖ್ಯವಾಗಿ, ಇಲಿಯ ಹಿತ ಲೆಕ್ಕಕ್ಕೆ ಬಂದಿರಲಿಲ್ಲ. ಪ್ರಾಣಿಯ ನೆಮ್ಮದಿಗೂ ಫಲಿತಾಂಶದ ನಿಖರತೆಗೂ ಇರುವ ನಂಟನ್ನು ರೈಲಿಯ ನಂತರ ಇಷ್ಟು ನೇರವಾಗಿ ಮುಂದಿಟ್ಟ ಕೆಲಸ ವಿರಳ.

2015ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಯೆಲೆಟ್ ಸಿವನ್ ಮತ್ತು ಥಾಮಸ್ ಗಜೆವ್ಸ್ಕಿ ಅವರ ತಂಡ ಎರಡು ಮಾರಾಟಗಾರರಿಂದ ಬಂದ ಒಂದೇ ಕಪ್ಪು ತಳಿಯ ಇಲಿಗಳಲ್ಲಿ ಚರ್ಮದ ಮೆಲನೋಮಾ ಗಡ್ಡೆ ಬೇರೆ ಬೇರೆ ವೇಗದಲ್ಲಿ ಬೆಳೆಯುವುದನ್ನು ಗಮನಿಸಿತು. ಇಬ್ಬರ ಇಲಿಗಳನ್ನೂ ಒಂದೇ ಗೂಡಿನಲ್ಲಿ ಒಟ್ಟಿಗೆ ಇಟ್ಟಾಗ ವ್ಯತ್ಯಾಸ ಮಾಯವಾಯಿತು, ಏಕೆಂದರೆ ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿಂದು ಕರುಳಿನ ಬ್ಯಾಕ್ಟೀರಿಯಾಗಳನ್ನು ಹಂಚಿಕೊಂಡಿದ್ದವು. ಬಿಫಿಡೋಬ್ಯಾಕ್ಟೀರಿಯಂ ಗುಂಪಿನ ಬ್ಯಾಕ್ಟೀರಿಯಾ ಗಡ್ಡೆಯ ವಿರುದ್ಧದ ಪ್ರತಿರೋಧವನ್ನು ಬಲಪಡಿಸಿ, ಇಂದು ರೋಗಿಗಳಿಗೆ ಕೊಡುವ ಪ್ರತಿರೋಧ ಚಿಕಿತ್ಸೆಯ ಪರಿಣಾಮವನ್ನೂ ಹೆಚ್ಚಿಸುತ್ತದೆಂದು ತಂಡ ತೋರಿಸಿತು. ಎರಡು ವರ್ಷಗಳ ನಂತರ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿದ್ದ ಸ್ಟೀಫನ್ ರೊಸ್‌ಹಾರ್ಟ್ ಮತ್ತು ಬಾರ್ಬರಾ ರೆಹರ್ಮನ್ ಅವರ ತಂಡ, ಬಯಲಿನಲ್ಲಿ ಹಿಡಿದ ಕಾಡು ಇಲಿಗಳ ಕರುಳಿನ ಸೂಕ್ಷ್ಮಾಣುಗಳನ್ನು ಶುದ್ಧ ತಳಿಯ ಇಲಿಗಳಿಗೆ ವರ್ಗಾಯಿಸಿದಾಗ, ಅವು ಇನ್‌ಫ್ಲುಯೆಂಜಾವನ್ನೂ ಪ್ರಯೋಗದಲ್ಲಿ ಬರಿಸಿದ ದೊಡ್ಡಕರುಳಿನ ಗಡ್ಡೆಗಳನ್ನೂ ಹೆಚ್ಚು ಚೆನ್ನಾಗಿ ಎದುರಿಸಿದವೆಂದು ವರದಿ ಮಾಡಿತು. ಅರ್ಧ ಶತಮಾನ ಕಾಲ ಇಲಿಗಳನ್ನು ಶುಚಿಗೊಳಿಸುತ್ತ ಬಂದ ಕ್ಷೇತ್ರಕ್ಕೆ ಅತಿಶುಚಿತ್ವವೂ ಒಂದು ದೋಷವಾಗಬಹುದೇ ಎಂದು ಕೇಳಿಕೊಳ್ಳಬೇಕಾಯಿತು, ಮತ್ತು ಯಾವ ಸೂಕ್ಷ್ಮಾಣುಗಳನ್ನು ಹೊತ್ತ ಇಲಿಯನ್ನು ಪ್ರಮಾಣವೆಂದು ಹಿಡಿಯಬೇಕೆಂಬ ವಿಷಯದಲ್ಲಿ ಪ್ರಯೋಗಾಲಯಗಳ ನಡುವೆ ಇನ್ನೂ ಒಮ್ಮತವಿಲ್ಲ.